ಹಳೆ ಸಂಬಳದ ಲೆಕ್ಕ ಬಿಟ್ಟು ಮಾರುಕಟ್ಟೆಯ ಬೆಲೆ ಕೇಳಿ

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಂಪನಿಗೆ ಅರ್ಜಿ ಹಾಕಿದರೂ ಎಚ್‌ಆರ್ ಕಡೆಯಿಂದ ಬರುವ ಮೊದಲ ಕರೆಯಲ್ಲಿ ಮೂರು ಪ್ರಶ್ನೆಗಳು ಇದ್ದೇ ಇರುತ್ತವೆ: ಈಗಿನ ಸಿಟಿಸಿ (ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) ಎಷ್ಟು, ನಿಮ್ಮ ನಿರೀಕ್ಷೆ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ದಿನ. ಅಭ್ಯರ್ಥಿಗೆ ಕೆಲಸ ಎಷ್ಟು ಗೊತ್ತು ಎಂಬುದು ತೀರ್ಮಾನವಾಗುವುದು ಮುಂದಿನ ಸುತ್ತುಗಳಲ್ಲಿ. ಸಂಬಳದ ಎಲ್ಲೆ ಮಾತ್ರ ಬಹುಮಟ್ಟಿಗೆ ಆ ಮೊದಲ ಪ್ರಶ್ನೆಯ ಉತ್ತರದಲ್ಲೇ ಬಿದ್ದಿರುತ್ತದೆ. ಆಮೇಲೆ ಮೂರು ತಿಂಗಳ ಪೇಸ್ಲಿಪ್ ತರಿಸಿಕೊಂಡು, ಹಳೆ ಸಂಬಳದ ಮೇಲೆ ಶೇಕಡಾ ಇಷ್ಟು ಎಂದು ಹೈಕ್ ಸೇರಿಸಿ ಆಫರ್ ಲೆಟರ್ ಕಳಿಸುತ್ತಾರೆ. ನೋಡಲು ನ್ಯಾಯವೆನಿಸುವ ಈ ಲೆಕ್ಕದ ಒಳಗೆ ಒಂದು ಅನ್ಯಾಯ ಕೂತಿದೆ. ಒಬ್ಬರು 3.5 ಲಕ್ಷಕ್ಕೆ, ಇನ್ನೊಬ್ಬರು 7 ಲಕ್ಷಕ್ಕೆ ಕೆಲಸ ಶುರು ಮಾಡಿದರು ಎನ್ನಿ. ಇಬ್ಬರೂ ಎರಡು ಸಲ ಕಂಪನಿ ಬದಲಿಸಿ, ಎರಡು ಸಲವೂ ಶೇ 30 ಹೈಕ್ ಪಡೆದರೆ ಮೊದಲನೆಯವರು 5.9 ಲಕ್ಷಕ್ಕೆ, ಎರಡನೆಯವರು 11.8 ಲಕ್ಷಕ್ಕೆ ಬಂದು ನಿಲ್ಲುತ್ತಾರೆ. ಅಷ್ಟು ವರ್ಷಗಳಲ್ಲಿ ಇಬ್ಬರೂ ಒಂದೇ ಕೆಲಸವನ್ನು ಒಂದೇ ಮಟ್ಟದಲ್ಲಿ ಕಲಿತಿದ್ದರೂ ನಡುವಿನ ಅಂತರ ಕುಗ್ಗುವ ಬದಲು 3.5 ಲಕ್ಷದಿಂದ 5.9 ಲಕ್ಷಕ್ಕೆ ಬೆಳೆದಿರುತ್ತದೆ. ಕ್ಯಾಂಪಸ್‌ಗೆ ಆ ವರ್ಷ ಯಾವ ಕಂಪನಿ ಬಂದಿತ್ತು ಎಂಬ ಅದೃಷ್ಟದ ಸಂಗತಿ ಹತ್ತು ವರ್ಷದ ನಂತರವೂ ಸಂಬಳವನ್ನು ಆಳುತ್ತಿರುತ್ತದೆ. ಈ ಸರಪಳಿಯನ್ನು ಕಡಿಯಲು ಒಬ್ಬ ಸಾಮಾನ್ಯ ನೌಕರನ ಕೈಯಲ್ಲಿರುವ ಅತ್ಯಂತ ಗಟ್ಟಿ ಸಾಧನ ಇನ್ನೊಂದು ಕಂಪನಿಯ ಆಫರ್. ಅದನ್ನು ಮುಚ್ಚುಮರೆಯಿಲ್ಲದೆ, ಸತ್ಯ ಹೇಳಿ ಬಳಸಬೇಕು. ಬಳಸುವಾಗ ಸಿಟಿಸಿಯ ದೊಡ್ಡ ಅಂಕಿಗೆ ಮರುಳಾಗದೆ ಪ್ರತಿ ತಿಂಗಳೂ ಖಚಿತವಾಗಿ ಬರುವ ಮೂಲ ಸಂಬಳವನ್ನೇ ಹೆಚ್ಚಿಸಿಕೊಳ್ಳಬೇಕು ಎಂಬುದು ಈ ಬರಹದ ವಾದ.

ಇದಕ್ಕೆ ಅರ್ಥಶಾಸ್ತ್ರದಲ್ಲಿ ಭದ್ರವಾದ ಆಧಾರವಿದೆ. ಜಾನ್ ನ್ಯಾಶ್ 1950ರಲ್ಲಿ ಚೌಕಾಸಿಯ ಬಗ್ಗೆ ಪ್ರಕಟಿಸಿದ ಪ್ರಬಂಧದ ತಿರುಳು ಸರಳ: ಮಾತುಕತೆ ಮುರಿದುಬಿದ್ದರೆ ಯಾರ ಕೈಯಲ್ಲಿ ಏನು ಉಳಿಯುತ್ತದೆ ಎಂಬುದರ ಮೇಲೆ ಅಂತಿಮ ಹಂಚಿಕೆ ನಿಂತಿರುತ್ತದೆ. ಅಭ್ಯರ್ಥಿ ಬೇಡವೆಂದರೆ ಕಂಪನಿಯ ಪಟ್ಟಿಯಲ್ಲಿ ಇನ್ನೂ ನಾಲ್ಕು ಹೆಸರು ಇರುತ್ತವೆ. ಕಂಪನಿ ಬೇಡವೆಂದರೆ ಅಭ್ಯರ್ಥಿಗೆ ಉಳಿಯುವುದು ಹಳೆ ಕೆಲಸ, ಹಳೆ ಸಂಬಳ. ಎರಡನೇ ಆಫರ್ ಬಂದ ಕ್ಷಣ ಈ ತಕ್ಕಡಿ ಬದಲಾಗುತ್ತದೆ. ಕೌಶಲ ನಿನ್ನೆ ಇದ್ದಷ್ಟೇ ಇವತ್ತೂ ಇದೆ. ಮಾತು ಮುರಿದರೆ ಕೈಯಲ್ಲಿ ಉಳಿಯುವುದು ಮಾತ್ರ ಹೆಚ್ಚಾಗಿದೆ. ಫ್ಯಾಬಿಯನ್ ಪೊಸ್ಟೆಲ್-ವಿನೆ ಮತ್ತು ಜಾನ್-ಮಾರ್ಕ್ ರಾಬಿನ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಫ್ರಾನ್ಸಿನ ನೌಕರರ ಮಾಹಿತಿ ಇಟ್ಟುಕೊಂಡು ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಅವರ ಮಾದರಿಯಲ್ಲಿ ನೌಕರನಿಗಾಗಿ ಎರಡು ಸಂಸ್ಥೆಗಳು ಪೈಪೋಟಿಗೆ ಬೀಳುತ್ತವೆ. ಅವನು ಸೇರುವುದು ಹೆಚ್ಚು ಕೊಡಬಲ್ಲ ಸಂಸ್ಥೆಯನ್ನೇ ಆದರೂ ಅವನ ಸಂಬಳ ನಿರ್ಧಾರವಾಗುವುದು ಪೈಪೋಟಿಯಲ್ಲಿ ಸೋತ ಎರಡನೇ ಸಂಸ್ಥೆ ಎಷ್ಟು ಕೊಡಲು ಸಿದ್ಧವಿತ್ತು ಎಂಬುದರಿಂದ. ಹಾಗಾಗಿ ಒಂದೇ ಅರ್ಹತೆಯ ಇಬ್ಬರಲ್ಲಿ ಒಬ್ಬರಿಗೆ ಹೊರಗಿನಿಂದ ಕರೆ ಬಂದು ಇನ್ನೊಬ್ಬರಿಗೆ ಬರದಿದ್ದರೆ ಸಂಬಳ ಬೇರೆಯಾಗುತ್ತದೆ. ಸೇರದೇ ಬಿಡುವ ಕಂಪನಿಯೂ ನಿಮ್ಮ ಸಂಬಳವನ್ನು ಏರಿಸಬಲ್ಲದು.

ಸಿದ್ಧಾಂತದ ಈ ಮಾತಿಗೆ ಅತ್ಯಂತ ಬಲವಾದ ಸಾಕ್ಷ್ಯ ಸಿಕ್ಕಿದ್ದು ಕಂಪನಿಗಳ ನಡವಳಿಕೆಯಿಂದಲೇ. ಅಮೆರಿಕದ ನ್ಯಾಯಾಂಗ ಇಲಾಖೆ 2010ರ ಸೆಪ್ಟೆಂಬರ್‌ನಲ್ಲಿ ಅಡೋಬಿ, ಆ್ಯಪಲ್, ಗೂಗಲ್, ಇಂಟೆಲ್, ಇಂಟ್ಯೂಟ್ ಮತ್ತು ಪಿಕ್ಸಾರ್ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿ, ಅದೇ ಹೊತ್ತಿಗೆ ರಾಜಿಯನ್ನೂ ಮಾಡಿಕೊಂಡಿತು. ಒಬ್ಬರ ಎಂಜಿನಿಯರ್‌ಗಳಿಗೆ ಇನ್ನೊಬ್ಬರು ತಾವಾಗಿ ಕರೆ ಮಾಡಿ ಕೆಲಸಕ್ಕೆ ಕರೆಯಬಾರದು ಎಂದು ಅವು ಒಳಗೊಳಗೇ ಮಾಡಿಕೊಂಡಿದ್ದ ಒಪ್ಪಂದಗಳೇ ಆರೋಪ. ನೌಕರರು ಬೇರೆಯಾಗಿ ಹೂಡಿದ ದಾವೆಯಲ್ಲಿ ಆ್ಯಪಲ್, ಗೂಗಲ್, ಇಂಟೆಲ್ ಮತ್ತು ಅಡೋಬಿ 2015ರಲ್ಲಿ 41.5 ಕೋಟಿ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡವು. ಹೊರಗಿನ ಆಫರ್‌ಗೆ ಸಂಬಳ ಏರಿಸುವ ಶಕ್ತಿ ಇಲ್ಲದಿದ್ದರೆ ಜಗತ್ತಿನ ಅತಿ ಶ್ರೀಮಂತ ಕಂಪನಿಗಳು ಅಂಥ ಕರೆಗಳನ್ನು ತಡೆಯಲು ಇಷ್ಟು ಅಪಾಯ ತಲೆಮೇಲೆ ಎಳೆದುಕೊಳ್ಳುತ್ತಿರಲಿಲ್ಲ. ಆ ಮೊಕದ್ದಮೆ ಬಂದ ಎರಡೇ ತಿಂಗಳಿಗೆ, ಫೇಸ್‌ಬುಕ್ ತನ್ನ ಜನರನ್ನು ಸೆಳೆಯುತ್ತಿದ್ದ ಹೊತ್ತಿನಲ್ಲಿ, ಗೂಗಲ್ ತನ್ನ ಎಲ್ಲ ನೌಕರರ ಸಂಬಳವನ್ನು 2011ರ ಜನವರಿಯಿಂದ ಶೇ 10ರಷ್ಟು ಏರಿಸುವುದಾಗಿ ಪ್ರಕಟಿಸಿತು. ಆಗ ಬೋನಸ್‌ನ ಒಂದು ಭಾಗವನ್ನು ತೆಗೆದು ಮೂಲ ಸಂಬಳಕ್ಕೇ ಸೇರಿಸಿತು, ಏಕೆಂದರೆ ಮೂಲ ಸಂಬಳವೇ ಎಲ್ಲಕ್ಕಿಂತ ಮುಖ್ಯ ಎಂದು ನೌಕರರು ಸಮೀಕ್ಷೆಗಳಲ್ಲಿ ಹೇಳಿದ್ದರು.

ನಮ್ಮಲ್ಲೂ ಇದೇ ಪಾಠ ಕಣ್ಣೆದುರೇ ನಡೆಯಿತು. ಕೋವಿಡ್ ನಂತರ ಡಿಜಿಟಲ್ ಕೆಲಸಕ್ಕೆ ಏಕಾಏಕಿ ಬೇಡಿಕೆ ಬಂದಾಗ ಕೆಲಸ ಬಿಡುವವರ ಪ್ರಮಾಣ ಇನ್ಫೊಸಿಸ್‌ನಲ್ಲಿ 2022ರ ಏಪ್ರಿಲ್-ಜೂನ್ ತ್ರೈಮಾಸಿಕಕ್ಕೆ ಶೇ 28.4ಕ್ಕೆ, ಟಿಸಿಎಸ್‌ನಲ್ಲಿ ಅದೇ ವರ್ಷದ ಸೆಪ್ಟೆಂಬರ್‌ಗೆ ಶೇ 21.5ಕ್ಕೆ ಮುಟ್ಟಿತ್ತು. ಒಬ್ಬೊಬ್ಬರ ಕೈಯಲ್ಲಿ ಎರಡು ಮೂರು ಆಫರ್ ಇದ್ದ ಆ ದಿನಗಳಲ್ಲಿ ಸಂಬಳಗಳು ಏರಿದವು. ಅದೇ ಉದ್ಯಮದಲ್ಲಿ, ಪೈಪೋಟಿಯ ಬಿಸಿ ತಟ್ಟದ ಹೊಸಬರ ಸಂಬಳ ದಶಕಕ್ಕೂ ಹೆಚ್ಚು ಕಾಲ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಬೆಲೆಯೇರಿಕೆಯನ್ನು ಕಳೆದು ನೋಡಿದರೆ ಇದು ಏರದ ಸಂಬಳವಷ್ಟೇ ಅಲ್ಲ, ವರ್ಷವರ್ಷವೂ ಇಳಿದ ಸಂಬಳ. ಕಂಪನಿಗಳ ಲಾಭ, ನೌಕರರ ದಕ್ಷತೆ ಎರಡೂ ಇದ್ದೂ ಸಂಬಳ ತಾನಾಗಿ ಏರುವುದಿಲ್ಲ. ಬಿಟ್ಟು ಹೋಗಲು ಬೇರೆ ಜಾಗ ಇದ್ದಾಗ ಏರುತ್ತದೆ. ಇಂದು ಬೆಂಗಳೂರಿನಲ್ಲಿ ಎಂಟುನೂರಕ್ಕೂ ಹೆಚ್ಚು ಜಾಗತಿಕ ಸಾಮರ್ಥ್ಯ ಕೇಂದ್ರಗಳಿವೆ. ವಿದೇಶಿ ಬ್ಯಾಂಕು, ಚಿಲ್ಲರೆ ಮಾರಾಟ ಸಂಸ್ಥೆ, ಔಷಧ ಕಂಪನಿಗಳು ತಮ್ಮದೇ ಕಚೇರಿ ತೆರೆದು ಅನುಭವಿಗಳನ್ನು ಹುಡುಕುತ್ತಿವೆ. ಅನುಭವಿ ನೌಕರನಿಗೆ ಇನ್ನೊಂದು ಬಾಗಿಲು ಇಲ್ಲವೆಂಬ ಕಾಲ ಇದಲ್ಲ. ಬಾಗಿಲು ಇದೆಯೆಂದು ಗೊತ್ತಿದ್ದೂ ತಟ್ಟದೆ ಹಳೆ ಪೇಸ್ಲಿಪ್ ಮುಂದಿಟ್ಟು ಕೂರುವುದರಲ್ಲಿ ವಿವೇಕವಿಲ್ಲ.

ಆಫರ್ ಕೈಗೆ ಬಂದ ಮೇಲೆ ಏನನ್ನು ಕೇಳಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಎರಡು ಆಫರ್ ಲೆಟರ್‌ಗಳ ಕೊನೆಯ ಪುಟದ ಕೋಷ್ಟಕವನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಸಿಟಿಸಿ 18 ಲಕ್ಷ ಎಂದಿದೆ ಎನ್ನೋಣ. ಅದರೊಳಗೆ 3 ಲಕ್ಷ ವೇರಿಯಬಲ್, ಒಂದೂವರೆ ಲಕ್ಷ ಜಾಯಿನಿಂಗ್ ಬೋನಸ್, ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಯಿಟಿ ಮತ್ತು ವಿಮೆಯ ಕಂತು ಸೇರಿ ಒಂದು ಲಕ್ಷ. ಇವನ್ನು ಕಳೆದರೆ ಉಳಿಯುವುದು 12.5 ಲಕ್ಷ, ಅಂದರೆ ತೆರಿಗೆಗೆ ಮೊದಲು ತಿಂಗಳಿಗೆ ಸುಮಾರು 1.04 ಲಕ್ಷ. ಇನ್ನೊಂದರಲ್ಲಿ ಸಿಟಿಸಿ 16.5 ಲಕ್ಷ, ವೇರಿಯಬಲ್ ಒಂದು ಲಕ್ಷ, ಪಿಎಫ್ ಇತ್ಯಾದಿ ಒಂದು ಲಕ್ಷ. ಉಳಿಯುವುದು 14.5 ಲಕ್ಷ, ತಿಂಗಳಿಗೆ 1.2 ಲಕ್ಷಕ್ಕೂ ಹೆಚ್ಚು. ನೆಂಟರಿಷ್ಟರ ಮುಂದೆ ಹೇಳಿಕೊಳ್ಳಲು ಮೊದಲನೆಯದು ದೊಡ್ಡದು, ಮನೆ ಬಾಡಿಗೆ ಮತ್ತು ಸಾಲದ ಕಂತು ಕಟ್ಟಲು ಎರಡನೆಯದು ದೊಡ್ಡದು. ವೇರಿಯಬಲ್ ಹಣ ಕಂಪನಿಯ ಕಷ್ಟಸುಖವನ್ನು ನೌಕರನ ಮೇಲೂ ಹಾಕುವ ವ್ಯವಸ್ಥೆ. 2022ರ ಏಪ್ರಿಲ್-ಜೂನ್ ತ್ರೈಮಾಸಿಕದ ಲೆಕ್ಕಕ್ಕೆ ಇನ್ಫೊಸಿಸ್ ವೇರಿಯಬಲ್ ಅನ್ನು ಸರಾಸರಿ ಶೇ 70ಕ್ಕೆ ಇಳಿಸಿತು. 2024ರಲ್ಲಿ ಟಿಸಿಎಸ್ ಅದನ್ನು ಕಚೇರಿಯ ಹಾಜರಾತಿಗೆ ಜೋಡಿಸಿತು. ಒಪ್ಪಂದದೊಳಗೇ ಇರುವ ಈ ಅಧಿಕಾರ ಕಂಪನಿಗಳಿಗೆ ಇದೆ. ಹಾಗಾಗಿ ವೇರಿಯಬಲ್ ಅನ್ನು ಬಂದರೆ ಸಂತೋಷ ಎಂದಷ್ಟೇ ಎಣಿಸಬೇಕು. ಜಾಯಿನಿಂಗ್ ಬೋನಸ್ ಒಂದೇ ಸಲ ಬರುತ್ತದೆ, ಅದಕ್ಕೂ ತೆರಿಗೆ ಇದೆ, ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕೆಂಬ ಷರತ್ತೂ ಸಾಮಾನ್ಯವಾಗಿ ಜೊತೆಗಿರುತ್ತದೆ.

ಮೂಲ ಸಂಬಳದ ನಿಜವಾದ ಬಲ ತಿಳಿಯುವುದು ವರ್ಷಗಳು ಉರುಳಿದಂತೆ. 12 ಲಕ್ಷದ ಬದಲು 14 ಲಕ್ಷಕ್ಕೆ ಸೇರಿದವರಿಗೂ ಉಳಿದವರಂತೆ ವರ್ಷಕ್ಕೆ ಶೇ 8ರಷ್ಟೇ ಇನ್‌ಕ್ರಿಮೆಂಟ್ ಸಿಕ್ಕಿತೆಂದು ಇಟ್ಟುಕೊಳ್ಳಿ. ಮೊದಲ ವರ್ಷದ ಎರಡು ಲಕ್ಷದ ವ್ಯತ್ಯಾಸ ಹತ್ತು ವರ್ಷಕ್ಕೆ ಒಟ್ಟು 29 ಲಕ್ಷದ ಹತ್ತಿರ ಬರುತ್ತದೆ. ಅದೇ ಎರಡು ಲಕ್ಷವನ್ನು ಜಾಯಿನಿಂಗ್ ಬೋನಸ್ ಆಗಿ ತೆಗೆದುಕೊಂಡವರಿಗೆ ಅದು ಎರಡು ಲಕ್ಷವಾಗಿಯೇ ಮುಗಿಯುತ್ತದೆ. ಕಾನೂನೂ ಮೂಲ ಸಂಬಳದ ಬೆನ್ನಿಗೇ ನಿಂತಿದೆ. ಗ್ರಾಚ್ಯುಯಿಟಿ ಲೆಕ್ಕವಾಗುವುದು ಕೊನೆಯ ತಿಂಗಳ ವೇತನದ ಮೇಲೆ, ಸೇವೆಯ ಪ್ರತಿ ವರ್ಷಕ್ಕೆ 26ರಲ್ಲಿ 15 ಭಾಗದಂತೆ. ಪಿಎಫ್‌ನ ಶೇ 12ರ ವಂತಿಗೆಯ ಲೆಕ್ಕವೂ ವೇತನದ ಮೇಲೆಯೇ, ಆದರೆ ಕಾನೂನಿನ ಕಡ್ಡಾಯ ಮಿತಿ ತಿಂಗಳಿಗೆ 15,000 ರೂಪಾಯಿ. ಅದರಾಚೆಗೂ ಕಂಪನಿ ಪೂರ್ತಿ ಬೇಸಿಕ್ ಮೇಲೆ ಕಟ್ಟುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಮನೆ ಬಾಡಿಗೆ ಭತ್ಯೆಯಂಥ ಹೊರಗಿಟ್ಟ ಬಾಬುಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನವೆಂದೇ ಎಣಿಸಬೇಕು. ಬೇಸಿಕ್ ಅನ್ನು ಚಿಕ್ಕದಾಗಿಟ್ಟು ಭತ್ಯೆಗಳನ್ನು ಉಬ್ಬಿಸುವ ಹಳೆ ಚಾಳಿಗೆ ಇದರಿಂದ ಕಡಿವಾಣ ಬಿದ್ದಿದೆ. ಎರಡು ಆಫರ್‌ಗಳನ್ನು ತೂಗುವವರು ಸಿಟಿಸಿಯನ್ನು ಬದಿಗಿಟ್ಟು ವೇತನ, ಖಚಿತ ಭತ್ಯೆ, ವೇರಿಯಬಲ್, ಒಂದು ಸಲದ ಹಣ ಎಂದು ನಾಲ್ಕು ಸಾಲು ಬರೆದುಕೊಂಡರೆ ಚಿತ್ರ ನಿಚ್ಚಳವಾಗುತ್ತದೆ.

ಇನ್ನು ಕೇಳುವ ಬಗೆ. ಎಚ್‌ಆರ್‌ನವರನ್ನು ಎದುರಾಳಿ ಎಂದುಕೊಂಡರೆ ಅರ್ಧ ಕೆಲಸ ಕೆಡುತ್ತದೆ. ಪ್ರತಿ ಹುದ್ದೆಗೂ ಒಂದು ಬ್ಯಾಂಡ್, ಅಂದರೆ ಸಂಬಳದ ಶ್ರೇಣಿ, ಇರುತ್ತದೆ. ಬ್ಯಾಂಡ್‌ನ ಕೆಳಭಾಗದಲ್ಲಿ ಆಫರ್ ಕೊಡಲು ಯಾರನ್ನೂ ಕೇಳಬೇಕಿಲ್ಲ. ಮೇಲ್ಭಾಗಕ್ಕೆ ಹೋಗಲು ವಿಭಾಗದ ಮುಖ್ಯಸ್ಥರ, ಕೆಲವೊಮ್ಮೆ ಹಣಕಾಸು ವಿಭಾಗದ ಒಪ್ಪಿಗೆ ಬೇಕು. ಆ ಒಪ್ಪಿಗೆ ಕೇಳುವ ಇಮೇಲ್‌ನಲ್ಲಿ ಅಭ್ಯರ್ಥಿ ಹೆಚ್ಚು ಕೇಳುತ್ತಿದ್ದಾರೆ ಎಂದು ಬರೆದರೆ ತೂಕವಿಲ್ಲ. ಇನ್ನೊಂದು ಕಂಪನಿ ಇಷ್ಟು ಫಿಕ್ಸೆಡ್ ಕೊಟ್ಟಿದೆ, ಈ ತಾರೀಖಿನೊಳಗೆ ಉತ್ತರ ಬೇಕಂತೆ ಎಂದು ಬರೆದರೆ ತೂಕವಿದೆ. ಅಭ್ಯರ್ಥಿ ಕೊಡಬೇಕಾದ್ದು ಆ ಸಾಲನ್ನು. ಹಾಗಾಗಿ ಸಂದರ್ಶನದ ಸುತ್ತುಗಳೆಲ್ಲ ಮುಗಿದು, ತಂಡಕ್ಕೆ ನೀವೇ ಬೇಕು ಎಂದು ತೀರ್ಮಾನವಾದ ಮೇಲೆ, ಲಿಖಿತ ಆಫರ್ ಎರಡೂ ಕಡೆಯಿಂದ ಕೈಯಲ್ಲಿರುವಾಗ ಮಾತೆತ್ತಬೇಕು. ಹೇಳುವ ಮಾತು ಚಿಕ್ಕದಿರಲಿ: “ಮೇಡಂ, ನಿಮ್ಮಲ್ಲಿಗೇ ಸೇರಬೇಕೆಂದು ನನ್ನ ಮನಸ್ಸು. ಇನ್ನೊಂದು ಕಡೆ ಫಿಕ್ಸೆಡ್ 14.5 ಲಕ್ಷದ ಲೆಟರ್ ಬಂದಿದೆ, ಶುಕ್ರವಾರದೊಳಗೆ ತಿಳಿಸಬೇಕು. ನಿಮ್ಮ ಫಿಕ್ಸೆಡ್ ಭಾಗ 15ಕ್ಕೆ ಬಂದರೆ ಅವತ್ತೇ ಒಪ್ಪಿ ಸಹಿ ಮಾಡುತ್ತೇನೆ.” ಇದರಲ್ಲಿ ಒಲವು, ಸಾಕ್ಷಿ, ಗಡುವು, ಒಂದೇ ಬೇಡಿಕೆ, ಒಪ್ಪಿಗೆಯ ಭರವಸೆ ಎಲ್ಲವೂ ಇವೆ. ಅವರು ಕೇಳಿದಷ್ಟು ಕೊಟ್ಟ ಮೇಲೆ ಮತ್ತೆ ಹೊಸ ಬೇಡಿಕೆ ಎತ್ತಬಾರದು. ಪಕ್ಕದ ಕಂಪನಿಗೆ ಇದನ್ನು ತೋರಿಸಿ ಅಲ್ಲಿ ಇನ್ನಷ್ಟು ಕೇಳಿ, ಮತ್ತೆ ಇಲ್ಲಿಗೆ ಬರುವ ಆಟ ಶುರುವಾದರೆ ವಿಶ್ವಾಸ ಹೋಗುತ್ತದೆ. ಇಲ್ಲದ ಆಫರ್ ಇದೆ ಎನ್ನುವುದು, ಅಂಕಿ ತಿದ್ದಿದ ಲೆಟರ್ ಕಳಿಸುವುದು ನೇರ ವಂಚನೆ. ಹಿನ್ನೆಲೆ ಪರಿಶೀಲನೆಯಲ್ಲಿ ಅದು ಹೊರಬಿದ್ದರೆ ಆಫರ್ ಜೊತೆಗೆ ಹೆಸರೂ ಹೋಗುತ್ತದೆ. ಈ ಸಾಧನದ ಬಲವೆಲ್ಲ ಇರುವುದು ಅದು ನಿಜವಾಗಿರುವುದರಲ್ಲಿ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಸಭ್ಯತೆಯದು: ಕೆಲಸ ಕೊಡುವವರ ಮುಂದೆ ತನ್ನನ್ನು ತಾನು ಹರಾಜಿಗಿಟ್ಟುಕೊಳ್ಳುವುದು ಸರಿಯೇ? ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ದುಡ್ಡಿನ ಮಾತು ಬಾಯಿಬಿಟ್ಟು ಆಡುವುದೇ ಸಂಕೋಚ. ಸಿಕ್ಕಿದ್ದಕ್ಕೆ ತೃಪ್ತಿಪಡು ಎಂಬುದು ಹಿರಿಯರು ಪ್ರೀತಿಯಿಂದ ಹೇಳುವ ಮಾತು. ಆದರೆ ಅದೇ ಕಂಪನಿ ಕಚೇರಿಗೆ ಕುರ್ಚಿ ಕೊಳ್ಳುವಾಗ ಮೂರು ಕಡೆಯಿಂದ ಕೊಟೇಶನ್ ತರಿಸಿ, ಒಂದನ್ನು ಇನ್ನೊಂದರ ಮುಂದಿಟ್ಟು ಬೆಲೆ ಇಳಿಸುತ್ತದೆ. ಅದನ್ನು ಯಾರೂ ಅಸಭ್ಯತೆ ಎನ್ನುವುದಿಲ್ಲ, ಹಾಗೆ ಮಾಡದಿದ್ದರೆ ಲೆಕ್ಕಪರಿಶೋಧಕರೇ ಪ್ರಶ್ನಿಸುತ್ತಾರೆ. ಒಂದೇ ಹುದ್ದೆಗೆ ಹತ್ತು ಜನರನ್ನು ಹೋಲಿಸಿ ನೋಡುವ ಹಕ್ಕು ಕಂಪನಿಗೆ ಇದ್ದರೆ, ಒಂದೇ ದುಡಿಮೆಗೆ ಎರಡು ಕಂಪನಿಗಳನ್ನು ಹೋಲಿಸುವ ಹಕ್ಕು ದುಡಿಯುವವರಿಗೂ ಇರಬೇಕು. ನಿಷ್ಠೆ ಎಂಬುದು ಕೆಲಸಕ್ಕೆ ಸೇರಿದ ಮೇಲೆ ಮಾಡುವ ದುಡಿಮೆಯಲ್ಲಿ ಕಾಣಬೇಕಾದ ಗುಣ. ಕಡಿಮೆ ಬೆಲೆಗೆ ಸಹಿ ಹಾಕುವುದು ಅದರ ಪ್ರಮಾಣಪತ್ರವಲ್ಲ.

ಎರಡನೆಯ ಆಕ್ಷೇಪ ಭಯದ್ದು: ಹೆಚ್ಚು ಕೇಳಿದರೆ ಇದ್ದ ಆಫರ್ ಕೂಡ ಹೋದರೆ? ಈ ಅಪಾಯ ಸುಳ್ಳಲ್ಲ. ಮಾರುಕಟ್ಟೆ ತಣ್ಣಗಾದಾಗ ಕೇಳದಿದ್ದರೂ ಆಫರ್ ಬದಲಾಗುತ್ತದೆ. ವರ್ಷಕ್ಕೆ 6.5 ಲಕ್ಷದ ಆಫರ್ ಹಿಡಿದು ಕಾಯುತ್ತಿದ್ದ ಹೊಸಬರಿಗೆ 2023ರ ಫೆಬ್ರುವರಿಯಲ್ಲಿ ವಿಪ್ರೊ 3.5 ಲಕ್ಷಕ್ಕೆ ಸೇರುತ್ತೀರಾ ಎಂದು ಕೇಳಿತ್ತು. ಹಾಗೆಂದು ಕೇಳದೆ ಸುಮ್ಮನಿರುವುದು ಪರಿಹಾರವಾಗದು; ಎಚ್ಚರದಿಂದ ಕೇಳಬೇಕು. ಬಾಯಿಮಾತಿನ ಭರವಸೆ ನಂಬಿ ರಾಜೀನಾಮೆ ಕೊಡಬಾರದು, ಬದಲಾದ ಅಂಕಿ ಇರುವ ಲೆಟರ್ ಬಂದ ಮೇಲೆಯೇ ಹಳೆ ಕೆಲಸಕ್ಕೆ ಕೈಮುಗಿಯಬೇಕು. ಕೈಯಲ್ಲಿರುವ ಎರಡನೇ ಆಫರ್‌ಗೆ ನಿಜಕ್ಕೂ ಹೋಗಲು ಮನಸ್ಸಿದ್ದರೆ ಮಾತ್ರ ಅದನ್ನು ಮುಂದಿಡಬೇಕು, ಏಕೆಂದರೆ “ಹಾಗಾದರೆ ಅಲ್ಲಿಗೇ ಹೋಗಿ” ಎಂಬ ಉತ್ತರವೂ ಬರಬಹುದು. ಈಗಿನ ಕಂಪನಿಯಲ್ಲೇ ಉಳಿಯಲು ಹೊರಗಿನ ಆಫರ್ ತೋರಿಸುವವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಲ್ಲಿ ಸಿಗುವ ಕೌಂಟರ್ ಆಫರ್ ಮುಂದಿನ ಅಪ್ರೈಸಲ್‌ನ ಹಣವನ್ನೇ ಮುಂಗಡ ಕೊಟ್ಟಂತೆ ಇರಬಹುದು, ಬಿಡಲು ಹೊರಟಿದ್ದವರು ಎಂಬ ಗುರುತೂ ಉಳಿಯಬಹುದು. ಕೆಲಸದ ಮೇಲಿನ ಬೇಸರಕ್ಕೆ ಕೌಂಟರ್ ಆಫರ್ ಮದ್ದಲ್ಲ. ಸಂಬಳವೊಂದೇ ಕೊರತೆಯಾಗಿದ್ದರೆ ಮಾತ್ರ ಆ ದಾರಿ ಹಿಡಿಯಬಹುದು. ಸಹಿ ಹಾಕಿದ ಬಾಂಡ್ ಇದ್ದರೆ ಅದನ್ನೂ ಓದಿಕೊಳ್ಳಬೇಕು. ಮೂರು ವರ್ಷ ಸೇವೆ ಮಾಡದಿದ್ದರೆ ಎರಡು ಲಕ್ಷ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ.

ಮೂರನೆಯದು ಕಂಪನಿಗಳ ದೂರು: ಒಬ್ಬರೇ ನಾಲ್ಕು ಆಫರ್ ಒಪ್ಪಿಕೊಂಡು, ಸೇರುವ ದಿನ ಫೋನ್ ತೆಗೆಯುವುದಿಲ್ಲ. ಈ ದೂರಿನಲ್ಲಿ ನ್ಯಾಯವಿದೆ. ಒಪ್ಪಿ ಸಹಿ ಮಾಡುವ ಮುಂಚಿನ ಮಾತುಕತೆಗೂ, ಸಹಿ ಮಾಡಿದ ಮೇಲೆ ಬೇರೆಡೆ ಹುಡುಕಾಟ ಮುಂದುವರಿಸಿ ಕೈಕೊಡುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಹಕ್ಕು, ಎರಡನೆಯದು ಮಾತು ತಪ್ಪುವುದು. ಅದರ ಏಟು ಬೀಳುವುದು ಆ ಹುದ್ದೆಗಾಗಿ ಕಾದಿದ್ದ ಇನ್ನೊಬ್ಬ ಅಭ್ಯರ್ಥಿಯ ಮೇಲೆ. ಆದರೆ ಈ ರೋಗಕ್ಕೆ ಕಂಪನಿಗಳ ಪಾಲೂ ಇದೆ. 90 ದಿನಗಳ ನೋಟಿಸ್ ಪೀರಿಯಡ್ ಇಟ್ಟು, ಆಫರ್‌ಗೂ ಸೇರುವ ದಿನಕ್ಕೂ ನಡುವೆ ಮೂರು ತಿಂಗಳ ಬಯಲು ಸೃಷ್ಟಿಸಿದವರು ಅವರೇ. ನೋಟಿಸ್‌ನಲ್ಲಿರುವವರನ್ನು ಬೇಗ ಸೇರುತ್ತಾರೆಂದು ಮುಗಿಬಿದ್ದು ಕರೆಯುವವರೂ ಅವರೇ. ನೋಟಿಸ್ ಅವಧಿಯನ್ನು 30 ದಿನಕ್ಕೆ ಇಳಿಸಿ, ಮೊದಲ ಆಫರ್‌ನಲ್ಲೇ ಹುದ್ದೆಗೆ ತಕ್ಕ ಬೆಲೆ ಕೊಟ್ಟರೆ ಈ ಕೈಕೊಡುವಿಕೆ ತಾನಾಗಿ ತಗ್ಗುತ್ತದೆ.

ಅತ್ಯಂತ ಗಂಭೀರವಾದದ್ದು ನಾಲ್ಕನೆಯ ಆಕ್ಷೇಪ: ಎರಡು ಆಫರ್ ಪಡೆಯುವ ಭಾಗ್ಯ ಎಷ್ಟು ಜನರಿಗಿದೆ? ಮನೆಯ ಜವಾಬ್ದಾರಿ ಹೊತ್ತ ಹೆಂಗಸು ಆಫೀಸು ಮುಗಿಸಿ ರಾತ್ರಿ ಸಂದರ್ಶನಕ್ಕೆ ತಯಾರಾಗುವುದು ಸುಲಭವಲ್ಲ. ಕೇಳಿದರೂ ಸಮನಾಗಿ ಸಿಗುವುದಿಲ್ಲ. ಆಸ್ಟ್ರೇಲಿಯಾದ ಸುಮಾರು 4,600 ನೌಕರರ ಮಾಹಿತಿ ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಂಬಳ ಏರಿಕೆ ಕೇಳುವುದರಲ್ಲಿ ಹೆಂಗಸರು ಗಂಡಸರಿಗಿಂತ ಹಿಂದಿರಲಿಲ್ಲ. ಆದರೆ ಕೇಳಿದಾಗ ಗಂಡಸರಿಗೆ ಶೇ 20ರಷ್ಟು ಸಲ ಸಿಕ್ಕರೆ ಹೆಂಗಸರಿಗೆ ಸಿಕ್ಕಿದ್ದು ಶೇ 15ರಷ್ಟು ಸಲ. ಆದ್ದರಿಂದ ಧೈರ್ಯವಾಗಿ ಕೇಳಿ ಎಂಬ ಬುದ್ಧಿಮಾತೊಂದೇ ಸಾಲದು. ಆದರೂ ಈ ಆಕ್ಷೇಪ ಎರಡನೇ ಆಫರ್ ಬಳಸಬೇಡಿ ಎಂದು ಹೇಳುವುದಿಲ್ಲ. ಆ ಆಫರ್ ಒದಗಿಸುವ ಮಾಹಿತಿ ಎಲ್ಲರಿಗೂ ಸಿಗಲಿ ಎಂದು ಹೇಳುತ್ತದೆ. ಅಮೆರಿಕದ ಕೊಲರಾಡೊ ರಾಜ್ಯ 2021ರಿಂದ ಉದ್ಯೋಗ ಜಾಹೀರಾತಿನಲ್ಲೇ ಸಂಬಳದ ಶ್ರೇಣಿ ತಿಳಿಸಬೇಕೆಂದು ಕಡ್ಡಾಯ ಮಾಡಿದೆ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹಳೆ ಸಂಬಳ ಎಷ್ಟು ಎಂದು ಕೇಳುವುದೇ ನಿಷಿದ್ಧ. ಯುರೋಪಿಯನ್ ಒಕ್ಕೂಟದ 2023ರ ವೇತನ ಪಾರದರ್ಶಕತೆ ನಿರ್ದೇಶನದಲ್ಲಿ ಈ ಎರಡೂ ಸೇರಿವೆ. ಸದಸ್ಯ ರಾಷ್ಟ್ರಗಳು ಅದನ್ನು ತಮ್ಮ ಕಾನೂನಾಗಿಸಲು ಕೊಟ್ಟ ಗಡುವು 2026ರ ಜೂನ್ 7.

ಕರ್ನಾಟಕ ಇಲ್ಲಿ ದಾರಿ ತೋರಿಸಬಹುದು. ಜಾಗತಿಕ ಸಾಮರ್ಥ್ಯ ಕೇಂದ್ರಗಳನ್ನು ಸೆಳೆಯಲು 2024ರಲ್ಲೇ ಪ್ರತ್ಯೇಕ ನೀತಿ ತಂದ ರಾಜ್ಯ ನಮ್ಮದು. ಭೂಮಿ, ರಿಯಾಯಿತಿ, ಪ್ರೋತ್ಸಾಹಧನ ಪಡೆಯುವ ಕಂಪನಿಗಳು ಜಾಹೀರಾತಿನಲ್ಲಿ ಸಂಬಳದ ಶ್ರೇಣಿ ಮುದ್ರಿಸಬೇಕು, ಹಳೆ ಪೇಸ್ಲಿಪ್ ಕೇಳಬಾರದು ಎಂಬ ಷರತ್ತು ಹಾಕಿದರೆ ಸರ್ಕಾರಕ್ಕೆ ಒಂದು ರೂಪಾಯಿಯ ಖರ್ಚೂ ಬರುವುದಿಲ್ಲ. 2017ರಲ್ಲಿ ಹುಟ್ಟಿದ ಐಟಿ ನೌಕರರ ಸಂಘಟನೆ ಕೆಐಟಿಯು ಕೆಲಸದ ಅವಧಿಯ ಬಗ್ಗೆ ಎತ್ತುತ್ತಿರುವಷ್ಟೇ ಗಟ್ಟಿಯಾದ ದನಿಯನ್ನು ಈ ಬೇಡಿಕೆಗೂ ಕೊಡಬೇಕು. ಅಂಥ ಕಾನೂನು ಬರುವವರೆಗೆ ಮಾರುಕಟ್ಟೆಯಲ್ಲಿ ತನ್ನ ದುಡಿಮೆಯ ಬೆಲೆ ಎಷ್ಟು ಎಂದು ತಿಳಿಯಲು ನೌಕರನಿಗೆ ಇನ್ನೊಂದು ಆಫರ್‌ನಷ್ಟು ನಂಬಬಹುದಾದ ದಾರಿ ಬೇರೆ ಇಲ್ಲ. ಅದನ್ನು ಪಡೆದವರು ಸಂಕೋಚವಿಲ್ಲದೆ ಮುಂದಿಡಲಿ, ಸತ್ಯವನ್ನಷ್ಟೇ ಹೇಳಲಿ, ಮೂಲ ಸಂಬಳವನ್ನೇ ಕೇಳಲಿ, ಒಪ್ಪಿದ ಮೇಲೆ ಮಾತಿಗೆ ನಿಲ್ಲಲಿ. ಆಮೇಲೆ ಸಿಕ್ಕಿದ ಅಂಕಿಯನ್ನು ಅದೇ ಕೆಲಸ ಮಾಡುವ ಗೆಳೆಯ ಗೆಳತಿಯರಿಗೂ ತಿಳಿಸಲಿ. ಒಬ್ಬರಿಗೆ ಗೊತ್ತಾದ ಬೆಲೆ ಹತ್ತು ಜನರಿಗೆ ಗೊತ್ತಾದಾಗ, ಎರಡನೇ ಆಫರ್ ಸಿಗದವರಿಗೂ ಕೇಳಲು ಒಂದು ಆಧಾರ ಸಿಗುತ್ತದೆ.